ಕೀಲಿನ ಕಡೆ

ಗೋಡೆಯೊಳಗೆ ಗೂಡು ಬಿಟ್ಟು ಕಟ್ಟಿದ್ದರು,
ಇಪ್ಪತ್ತೆರಡು ವರ್ಷ ಹೂವಿನ ಪರದೆಯೇ ಬಾಗಿಲು.
ಈಗ ಚೌಕಟ್ಟು ಬೇಕಂತೆ, ಚಿಲಕ ಬೇಕಂತೆ.
ಬನ್ನಿಮಂಟಪದ ಹಿಂದಿನ ಬೀದಿ, ಲೂರ್ದಮ್ಮನವರ ಮನೆ.
ಯಲಿಯೂರಿನಿಂದ ಬೆಳಗಿನ ರೈಲಿಗೆ ಬಂದೆ,
ತೊಡೆಯ ಮೇಲೆ ಉಳಿಗಳ ಚೀಲ.

ಟೇಪಿನ ಆ ತುದಿ ಮಗಳು ಜೆಸಿಂತಾ ಹಿಡಿದಳು,
ರಾತ್ರಿ ಪಾಳಿ ಮುಗಿಸಿದ ಕಣ್ಣು, ಡೆಟಾಲ್ ವಾಸನೆ.
ಮೇಲೆ ನಾಲ್ಕಡಿ.
ಕೆಳಗೆ ನಾಲ್ಕಡಿ ಮುಕ್ಕಾಲಿಂಚು.
ತೂಗುಗುಂಡು ಬಿಟ್ಟೆ. ದಾರ ನಿಂತಿತು,
ಗೋಡೆ ನಿಲ್ಲಲಿಲ್ಲ:
ಎದೆಯೆತ್ತರಕ್ಕೆ ಉಬ್ಬಿ, ನೆಲದ ಹತ್ತಿರ ಹಿಂದೆ ಸರಿದು,
ಉಂಡು ಎದ್ದವನ ಹೊಟ್ಟೆಯ ಹಾಗೆ.

"ನಮ್ಮೋರೇ ಕಟ್ಟಿದ್ದು," ಅಡುಗೆಮನೆಯಿಂದ ಲೂರ್ದಮ್ಮ,
"ವಾರವೆಲ್ಲ ರೈಲ್ವೆ ವರ್ಕ್‌ಶಾಪು,
ಭಾನುವಾರ ಪೂಜೆ ಮುಗಿಸಿ ಬಂದು ಗಾರೆ ಕಲಸೋರು."
ದೂರಲ್ಲ ಅದು, ಹೊಗಳಿಕೆಯೂ ಅಲ್ಲ.
ಸಾಸಿವೆ ಸಿಡಿಯಿತು.

ಮಂಡಿ ಮೊಹಲ್ಲಾದ ಖುದ್ದೂಸ್ ಸಾಬರು,
ನನಗೆ ಉಳಿ ಮಸೆಯಲು ಕಲಿಸಿದವರು, ಹೇಳುತ್ತಿದ್ದರು:
"ಗೋಡೆ ಜೊತೆ ಜಗಳ ಆಡ್ಬೇಡ ಮಗಾ,
ಅದು ನಿನಗಿಂತ ಮೊದ್ಲು ಬಂದಿದ್ದು.
ಅಂಚುಪಟ್ಟೀಲಿ ಸುಳ್ಳು ಹೇಳು, ಪಾಲಿಶಲ್ಲಿ ಸುಳ್ಳು ಹೇಳು,
ಕೀಲಿರೋ ಕಡೆ ಮಾತ್ರ ಹೇಳ್ಬೇಡ."

ಹೊನ್ನೆ ಹಲಗೆ, ಐದಿಂಚು ಅಗಲ.
ಕೀಸುಳಿ ಎಳೆದಷ್ಟೂ ಸುರುಳಿ,
ಬೆವರು ಬಿದ್ದ ಕಡೆ ಹಳದಿ ಕಲೆ.
ತಲೆಪಟ್ಟಿಗೆ ಕಚ್ಚು ಕೊರೆದು, ಎರಡು ಕಾಲು ಕೂರಿಸಿ
ಕೊಡತಿಯಿಂದ ಎರಡೇ ಏಟು.
ಮೂರನೆಯದು ಬೇಕಾದರೆ ಕಚ್ಚು ತಪ್ಪಿದೆ ಎಂದು ಅರ್ಥ.

ಬೆಣೆ ಹೂಳಲು ಎಡಗೋಡೆ ಕೊರೆದಾಗ
ಗಾರೆಯ ಜೊತೆ ಉದುರಿತು
ಗೇಣುದ್ದ ನೀಲಿ ದಾರ.
ಅಂದರೆ ಗುಂಡು ಬಿಟ್ಟೇ ಕಟ್ಟಿದ್ದಾನೆ ಪುಣ್ಯಾತ್ಮ.
ಅವತ್ತು ಗಾಳಿಯಿತ್ತೇನೋ.
ಕತ್ತಲಾಗುತ್ತಿತ್ತೇನೋ, ಬೆಳಗಾದರೆ ಸೋಮವಾರ.
ಜೆಸಿಂತಾಗೆ ತೋರಿಸಿದೆ.
ಬೆರಳಿಗೆ ಒಂದು ಸುತ್ತು ಸುತ್ತಿ, ಬಿಚ್ಚಿ,
ಏನೂ ಹೇಳದೆ ಮಲಗಲು ಹೋದಳು.

ಎಡಗಾಲಿನ ಹಿಂದೆ ಚಕ್ಕೆಗಳನ್ನು ತುರುಕಿದೆ:
ಮೇಲೆ ಎರಡು ನೂಲು, ಎದೆಯೆತ್ತರಕ್ಕೆ ಸೊನ್ನೆ,
ಕೆಳಗೆ ಹೆಬ್ಬೆರಳ ದಪ್ಪ.
ಗುಂಡು ಬಿಟ್ಟು ನೋಡಿದೆ, ಫ್ಯಾನು ನಿಲ್ಲಿಸಿ ಇನ್ನೊಮ್ಮೆ ನೋಡಿದೆ,
ಆಮೇಲೆ ಸ್ಕ್ರೂ.
ಬಲಗಡೆ ಗೋಡೆ ಹೇಳಿದಂತೆ ಕೇಳಿದೆ.

ಬಾಗಿಲು ತೂಗಿಬಿಟ್ಟಾಗ ನಾಲ್ಕು ಗಂಟೆ.
ಅರ್ಧ ತೆರೆದು ಕೈ ಬಿಟ್ಟೆ.
ಬಿಟ್ಟಲ್ಲೇ ನಿಂತಿತು.
ಲೂರ್ದಮ್ಮ ಕಾಫಿ ಲೋಟ ಹಿಡಿದು ಕಾದರು, ಕಾದರು:
"ಮುಚ್ಕೊಳ್ಳಲ್ವಲ್ಲಪ್ಪ?"
"ನೀವು ಮುಚ್ಚಿದ್ರೆ ಮುಚ್ಕೊಳ್ಳುತ್ತಮ್ಮ.
ತಾನಾಗೇ ಮುಚ್ಕೊಂಡ್ರೆ ನಾನು ತಪ್ಪು ಮಾಡಿದೀನಿ ಅಂತ."

ಒಂದು ಬೆರಳಿನಿಂದ ತಳ್ಳಿದರು. ನಿಲ್ಲಿಸಿದರು. ಎಳೆದರು.
ಗಂಡನ ಗೋಡೆಯನ್ನೊಮ್ಮೆ ನೋಡಿದರು,
ಅಂಚುಪಟ್ಟಿಯಡಿ ಅದರ ಸೊಟ್ಟ
ಹೊರಗೆ ಕಾಣುತ್ತಿರಲಿಲ್ಲ.
"ಅವರಿದ್ದಿದ್ರೆ ಕೂಲಿಗೆ ಚೌಕಾಸಿ ಮಾಡೋರು," ಅಂದರು,
ಮಾಡಲಿಲ್ಲ.

ಸಂಜೆ ರೈಲು ತಪ್ಪಿತು.
ಪ್ಲಾಟ್‌ಫಾರಂ ಬೆಂಚಿನ ಮೇಲೆ ಜೇಬು ಕೊಡವಿದರೆ
ಹೊನ್ನೆಯ ಪುಡಿ, ಮಿಕ್ಕ ಒಂದು ಚಕ್ಕೆ.
ಬೆಂಚಿನ ಒಂದು ಕಾಲು ಅಲ್ಲಾಡುತ್ತಿತ್ತು,
ಅದರಡಿಗೆ ಇಟ್ಟೆ.