ಕೈವಾಡ

ಅಕ್ಕಿಕಾಳಿನಷ್ಟೇ, ಅಂದಿದ್ದ ಹಚ್ಚೆಯಂಗಡಿಯ ಸಿಕ್ಸ್‌ಟೆನ್.
ಖರ್ಚು ಆಸ್ಪತ್ರೆಯದು, ಮೇಲೊಂದು ತುಂಡು ಕೇಕು.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ
ಮೆತ್ತನೆ ಜಾಗದಲ್ಲಿ ಸೂಜಿ ಇಳಿವಾಗ
ರಾಗ್ನ್‌ಹಿಲ್ಡ್ ನೋಡುತ್ತಲೇ ಇದ್ದಳು.
ಕಣ್ಣು ಮುಚ್ಚಿಕೊಂಡವಳು ನಾನು.

ಮರುದಿನದಿಂದ ಬೀಗದ ಕೈ ಹುಡುಕುವುದು ತಪ್ಪಿತು.
ಬೀಗಕ್ಕೊಂದು ಕೈ ಬೇಕಿತ್ತು, ನಮ್ಮದನ್ನೇ ಕೊಟ್ಟಿದ್ದೆವು.
ಔಷಧ ಕೋಣೆ, ಲಿಫ್ಟು, ಕಾಫಿ ಯಂತ್ರ,
ಚಾಚಿದರೆ ಸಾಕು, ಹಸಿರು ದೀಪ.
ನಾರ್‌ಶೋಪಿಂಗಿನ ಚಳಿಯಲ್ಲಿ
ಕೈಗವಸನ್ನೂ ಬಿಚ್ಚಬೇಕಿರಲಿಲ್ಲ.

ನವೆಂಬರಿನ ಒಂದು ಮಂಗಳವಾರ
ರಾತ್ರಿ ಎರಡು ಹದಿಮೂರಕ್ಕೆ ಔಷಧ ಕೋಣೆ ತೆರೆಯಿತು.
ಮಾರ್ಫಿನ್, ನಲವತ್ತು ಸೀಸೆ.
ಯಾರ ಕೈವಾಡ ಎಂದು ಯಾರೂ ಕೇಳಲೇ ಇಲ್ಲ,
ಪರದೆಯ ಮೇಲೆ ಬರೆದೇ ಇತ್ತು.

ಮಲಗಿದ್ದೆ, ಅಂದಳು.
ನಿಮ್ಮ ಕೈ ಎದ್ದಿತ್ತು, ಅಂದರು.

ಆಮೇಲೆ ಸಿಬ್ಬಂದಿಯ ಅಡುಗೆಮನೆಯಲ್ಲಿ ಕೂತು ತಡಕಾಡಿದೆವು:
ಟ್ರಾಮಿನಲ್ಲಿ ಒತ್ತಿಕೊಂಡು ನಿಂತಿದ್ದ ಚೀಲದ ಹುಡುಗ?
ಪ್ಲಂಬರು? ಇಲ್ಲಾ ಅವಳಮ್ಮನನ್ನು ಮಣ್ಣು ಮಾಡಿದ ದಿನ
ಇಗರ್ಜಿಯ ಬಾಗಿಲಲ್ಲಿ, ಯಾರ ಕಡೆಯವನೋ ಗೊತ್ತಿಲ್ಲದ
ಆ ಬೂದು ಕೋಟಿನವನು,
ಎರಡೂ ಕೈಯಲ್ಲಿ ಅವಳ ಕೈ ಹಿಡಿದು
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು...
"ಎಷ್ಟು ಒಳ್ಳೆಯವರು ಅಂದುಕೊಂಡೆ ಕಣೇ" ಎಂದು ನಕ್ಕಳು.
ನಗು ಅಲ್ಲ ಅದು.

ಬೀಗ ಬದಲಿಸಬಹುದು. ಪಾಸ್‌ವರ್ಡ್ ಬದಲಿಸಬಹುದು.
ಒಳಗಿನ ಸಂಖ್ಯೆ ಮಾತ್ರ ಬದಲಾಗದಂತೆ, ಸಿಕ್ಸ್‌ಟೆನ್ ಅಂದ,
ಕಾರ್ಖಾನೆಯಲ್ಲೇ ಬರೆದು ಮುಗಿಸಿದ್ದು, ಹಣೆಬರಹದ ಹಾಗೆ.
ಕಾರ್ಖಾನೆಗೆ ಫೋನು ಮಾಡಿದರೆ
ಕಾರ್ಖಾನೆಯೇ ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಇಲ್ಲಿ ಹುಣ್ಣೇ ಇಲ್ಲ. ಸೂಜಿಯ ಕಲೆಯೂ ಮಾಸಿದೆ.
ಬೆರಳಾಡಿಸಿದರೆ ಕಾಳು ಅತ್ತಿತ್ತ ಸರಿಯುತ್ತದೆ,
ಮೊಳೆಯದೆ, ಕೊಳೆಯದೆ,
ಕೇಳಿದವರಿಗೆಲ್ಲ ನನ್ನ ಗುರುತು ಹೇಳುತ್ತ.

ಗುರುವಾರ ಅವಳದನ್ನು ತೆಗೆದರು.
ಪುರಾವೆಯೆಂದು ಪೊಲೀಸರು ಪುಟ್ಟ ಡಬ್ಬಿಯಲ್ಲಿ ಒಯ್ದರು.
ಎರಡು ಹೊಲಿಗೆ. ಕೆಲಸ ಇನ್ನೂ ಮರಳಿ ಸಿಕ್ಕಿಲ್ಲ.
ನನ್ನ ಸರದಿ ಫೆಬ್ರವರಿಗಂತೆ.

ನಿನ್ನೆ ಟ್ರಾಮಿನಿಂದ ಇಳಿವಾಗ
ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ.
ಯಾರೋ ಮುದುಕರು ಬಾಗಿ ಕೈ ನೀಡಿದರು.
ಬಲಗೈ ಜೇಬಿನಲ್ಲಿಟ್ಟೇ, ಮೊಣಕಾಲೂರಿ
ನಾನೇ ಎದ್ದೆ.
ಟ್ರಾಮು ಹೊರಟರೂ
ಅವರ ಕೈ ಹಾಗೇ ಚಾಚಿತ್ತು.