ಹೊರಗಿನಿಂದ ಕಂಡಂತೆ

ಬ್ಯಾಂಕಿನ ಸುತ್ತೋಲೆ ಬಂತು:
ಮೌಲ್ಯಮಾಪಕರು ಮನೆಯೊಳಗೆ ಕಾಲಿಡತಕ್ಕದ್ದಲ್ಲ.
ಗೇಟಿನಲ್ಲಿ ನಿಂತು ನೋಡಿ, ಫೋಟೋ ತೆಗೆದು,
ಒಳಗಿನದನ್ನು ಊಹಿಸಿ ಬರೆಯತಕ್ಕದ್ದು.

ಅಲ್ಕೊಳ ಸರ್ಕಲ್ಲಿನಲ್ಲಿ ಪೊಲೀಸರಿಗೆ ಪಾಸು ತೋರಿಸಿ
ವಿನೋಬನಗರಕ್ಕೆ ಬಂದೆ.
ಮೂವತ್ತಕ್ಕೆ ನಲವತ್ತರ ಸೈಟು, ಪೂರ್ವಕ್ಕೆ ಬಾಗಿಲು,
ಸಜ್ಜಾದ ಕೆಳಗೆ ಹಸಿ ಇಳಿದ ಗುರುತು.
ಕಿಟಕಿ ಎಣಿಸಿದೆ, ಮೂರು.
ಒಂದಕ್ಕೆ ಗಾಜಿಲ್ಲ, ಹಳೇ ಕ್ಯಾಲೆಂಡರಿನ ರಟ್ಟು.

ಗೇಟಿನಾಚೆ ಮೆಸ್ಸಿನ ಪಂಕಜಾಕ್ಷಿ.
"ಹುಡುಗರೆಲ್ಲ ಊರಿಗೆ ಹೋದರು ಸಾರ್,
ನಲವತ್ತು ತಟ್ಟೆ ಬೋರಲು ಬಿದ್ದಾವೆ.
ಒಳಗೆ ಬನ್ನಿ.
ಹೊರಗಿಂದ ನೋಡಿದರೆ ಇದು ಮೂರು ಕಾಸಿನ ಮನೆ,
ಇದ್ದ ದುಡ್ಡೆಲ್ಲ ಅಡುಗೆಮನೆಗೆ ಹಾಕಿದ್ದೀನಿ.
ಕಲ್ಲು ನೋಡಿ, ಚಿಮಣಿ ನೋಡಿ, ಆಮೇಲೆ ರೇಟು ಹಾಕಿ."

"ಬರೋ ಹಾಗಿಲ್ಲಮ್ಮ. ನಿಯಮ."

ಎದುರು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾತ ಕೂಗಿದ,
"ಒಳಗೆ ಚೆನ್ನಾಗೈತೆ, ಬರ್ಕೊಳ್ಳಿ!"
"ನೀವು ನೋಡಿದ್ದೀರಾ?"
ಅವನು ಲುಂಗಿಯೊಂದನ್ನು ಎರಡು ಸಲ ಕೊಡವಿದ.
"ಹನ್ನೊಂದು ವರ್ಷದಿಂದ ಎದುರು ಮನೆ ಅಲ್ವಾ"
ಅಂದ. ಅಷ್ಟೇ ಅಂದ.

ಒಳಗೆ ಹೋಗದೆ ಮನೆ ಓದುವ ವಿದ್ಯೆಯನ್ನು
ಬ್ಯಾಂಕು ನನಗೆ ಕಲಿಸಬೇಕಾಗಿರಲಿಲ್ಲ.
ಅಪ್ಪ, ಚೌಡಪ್ಪ, ದುರ್ಗಿಗುಡಿಯ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದ,
ಹೊರಗೋಡೆಗೆ ಮಾತ್ರ. ಒಳಗಿನದಕ್ಕೆ ಬೇರೆ ಜನ.
ಬಚ್ಚಲ ಮೋರಿಯಲ್ಲಿ ಎಣ್ಣೆ ಅರಿಸಿನ ತೇಲಿದರೆ
ಬಾಣಂತಿ ಇದ್ದಾಳೆ ಅನ್ನುತ್ತಿದ್ದ.
ಗವಾಕ್ಷಿಯ ಮಸಿ ಎರಡು ಕಡೆ ಹಬ್ಬಿದ್ದರೆ
ಅಣ್ಣತಮ್ಮ ಒಲೆ ಬೇರೆ ಮಾಡಿದರು ಅನ್ನುತ್ತಿದ್ದ.
ಕುಡಿಯಲು ಕೇಳಿದರೆ ನೀರು ಮೇಲಿನಿಂದ ಬರುತ್ತಿತ್ತು, ಬೊಗಸೆಗೆ.
ಎಷ್ಟು ಮೇಲಿನಿಂದ ಎಂಬುದರಲ್ಲೇ
ಆ ಮನೆಯ ಕಿಮ್ಮತ್ತು ತಿಳಿಯುತ್ತಿತ್ತಂತೆ.

ನಾನು ಸಿವಿಲ್ ಓದಿ, ಬ್ಯಾಂಕಿನ ಪ್ಯಾನೆಲ್ಲಿಗೆ ಸೇರಿ,
ಅದೇ ಬೀದಿಯ ಅದೇ ಸಾಲಿನ ಮನೆಯೊಂದಕ್ಕೆ
ಟೇಪು ಹಿಡಿದು ಹೋದ ದಿನ
ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ.
ಅವರಿಗೆ ಸಾಲ ಬೇಕಿತ್ತು.
ದೇವರ ಮನೆಯ ಹೊಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಳೆದೆ:
ಆರಡಿ, ನಾಲ್ಕೂವರೆ.
ರಾತ್ರಿ ಅಪ್ಪನಿಗೆ ಹೇಳಿದರೆ
ತುತ್ತು ಕೈಯಲ್ಲೇ ಹಿಡಿದು ಕೇಳಿದ,
"ಅಷ್ಟೇನಾ?"

ಹದಿನಾರು ವರ್ಷದಲ್ಲಿ ಎಷ್ಟು ಬಾಗಿಲು!
"ನೋಡ್ಕೊಳ್ಳಿ" ಅಂದವರೇ ಹೆಚ್ಚು.
"ಬನ್ನಿ" ಅಂದವರನ್ನು ಬೆರಳಲ್ಲಿ ಎಣಿಸಬಹುದು.
ಇವತ್ತೊಬ್ಬಳು ಅನ್ನುತ್ತಿದ್ದಾಳೆ,
ನಾನು ಜೇಬಿನಲ್ಲಿ ಸುತ್ತೋಲೆ ಇಟ್ಟುಕೊಂಡು ನಿಂತಿದ್ದೇನೆ.

ಪಂಕಜಾಕ್ಷಿ ಒಳಗೋಡಿದಳು. ಪಾತ್ರೆ ಸರಿಸಿದ ಸದ್ದು.
ಮಿಕ್ಕಿದ್ದ ಟೈಲೊಂದನ್ನು ಸೆರಗಲ್ಲಿ ಒರೆಸುತ್ತಾ ಬಂದು
ಗೇಟಿನ ಮೇಲಿಂದ ಚಾಚಿದಳು.
"ಇಡೀ ಅಡುಗೆಮನೆಗೆ ಇದೇ ಸಾರ್.
ಗಂಜಿ ಚೆಲ್ಲಿದರೂ ಕಾಲು ಜಾರಲ್ಲ."
ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದು
ಅವಳ ಬೆರಳಿಗೆ ನನ್ನದು ತಾಗದ ಹಾಗೆ
ಮೇಲಿನಿಂದ ಸುರಿದೆ.

ಸುರಿಯುತ್ತಾ ಸುರಿಯುತ್ತಾ
ನನ್ನ ಕೈ ಎಷ್ಟು ಮೇಲಿದೆ ಎಂದು ಕಂಡಿತು.

ಅವಳು ಏನೂ ತಿಳಿಯಲಿಲ್ಲ.
"ಒರೆಸಿಕೊಳ್ಳಿ, ಒದ್ದೆ ಇದೆ" ಅಂದಳು.

ಬೈಕಿನ ಸೀಟಿನ ಮೇಲೆ ಫಾರಂ ಇಟ್ಟು ತುಂಬಿಸಿದೆ.
ಕಟ್ಟಡದ ವಯಸ್ಸು: ಇಪ್ಪತ್ತೆರಡು. ಸವಕಳಿ: ಕೋಷ್ಟಕದಂತೆ.
ಒಳಾಂಗಣ: ಉತ್ತಮ.
ಆಧಾರ ಎಂಬ ಕಲಮಿನಲ್ಲಿ ಎಲ್ಲರೂ
'ಊಹೆ' ಎಂದು ಬರೆಯುತ್ತಾರೆ.
ನಾನು ಬರೆದೆ:
ಟೈಲು ಒಂದು, ಅಡಿಗೆ ಅಡಿ,
ಬೂದು ಬಣ್ಣ, ಒಂದು ಮೂಲೆ ಮುಕ್ಕು,
ಒಳಗಿನವರೇ ಕೈಯಾರೆ ಕೊಟ್ಟದ್ದು.