ಎಲೆಮರೆ

ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ.
ಈ ಕಸುಬಿನಲ್ಲಿ ಮಾತ್ರ ಗಾಳಿ ನಮ್ಮನ್ನೇ ತೂರುತ್ತದೆ:
ಬೆವರು, ನಿನ್ನೆಯ ಕಾಫಿ, ನಾಯಿ ಮಲಗಿದ್ದ ಕಂಬಳಿ,
ಎಲ್ಲ ಬೇರೆ ಬೇರೆ ಮಾಡಿ
ಜಿಂಕೆಯ ಮೂಗಿಗೆ ಒಪ್ಪಿಸುತ್ತದೆ.

ಅದಕ್ಕೇ ಬಟ್ಟೆಯನ್ನು ಅಡಿಗೆ ಸೋಡಾದಲ್ಲಿ ಒಗೆದು
ಮೂರು ರಾತ್ರಿ ಓಕ್ ಕೊಂಬೆಗೆ ನೇತುಹಾಕಿದ್ದು.
ಮುಖಕ್ಕೆ ಒಲೆಯ ಮಸಿ.
ಅರವತ್ತೆರಡರ ಮಂಡಿ ಇನ್ನು ಮರ ಹತ್ತಲಾರೆ ಎಂದಿತು,
ಹಾಗೆ ನೆಲಕ್ಕೆ ಬಂದೆ.
ಕಿಕಪೂ ಹೊಳೆಯ ಮೇಲಿನ ಗುಡ್ಡ,
ಅಕ್ಟೋಬರಿನ ಕೊನೆಯ ಗುರುವಾರ,
ದಪ್ಪ ಮರವೊಂದಕ್ಕೆ ಬೆನ್ನು ಕೊಟ್ಟು
ತೊಡೆಯ ಮೇಲೆ ಬಿಲ್ಲು.

ಟಾರ್ವಲ್ ಮಾವ ಹೇಳುತ್ತಿದ್ದ:
ಅಡಗಬೇಡ, ಆರ್ಲಿಸ್. ಅಡಗಿದವರ ಅಂಚು ಕಾಣುತ್ತದೆ.
ಮರದ ಹಿಂದಲ್ಲ, ಮುಂದೆ ಕೂರು.
ಅದರ ಕಣ್ಣಲ್ಲಿ ಕಣ್ಣಿಡಬೇಡ, ಅದಕ್ಕೆ ಗೊತ್ತಾಗುತ್ತದೆ,
ಹೇಗೆ ಅಂತ ನನ್ನ ಕೇಳಬೇಡ.
ಅದರ ತಲೆ ಮರದ ಮರೆಗೆ ಹೋದಾಗಷ್ಟೇ
ನಿನ್ನ ಕೈ ನಿನ್ನದು.

ಜೇಬಿನಿಂದ ಕಾಡೆಕ್ಕದ ಹತ್ತಿ ಒಂದೆಳೆ ಬಿಟ್ಟೆ.
ಚಳಿಗಾಳಿಯ ಜೊತೆ ಹೊಳೆಯ ಕಡೆ ಇಳಿಯಿತು.
ಬಿಸಿಲೇರಿದರೆ ಗಾಳಿ ಮೇಲಕ್ಕೆ ತಿರುಗುತ್ತದೆ,
ಅಲ್ಲಿಯವರೆಗೆ ನಾನು ಇಲ್ಲ.

ಇಲ್ಲವಾಗುವುದು ಸುಲಭವೇನಲ್ಲ.
ಮೊದಲು ಮೂಗು ತುರಿಸುತ್ತದೆ, ಆಮೇಲೆ ಹಳೆಯ ಜಗಳಗಳು.
ಅಳಿಲೊಂದು ಬೂಟು ಹತ್ತಿ, ಯೋಚಿಸಿ, ಇಳಿದು ಹೋಯಿತು.

ತರಗೆಲೆಯ ಸದ್ದು.
ಎರಡು ಕಾಲಿನದು, ನಾಲ್ಕರದ್ದಲ್ಲ.

ಡೆಲ್ಮರ್ ಓಸ್ಟ್ರೆಮ್, ಬೇಲಿಯಾಚೆಯವನು,
ಬಿದ್ದ ಎಲ್ಮ್ ಮರದ ಮೇಲೆ ಬಂದು ಕೂತ,
ನನ್ನಿಂದ ಹದಿನಾಲ್ಕು ಹೆಜ್ಜೆ.
ಟೋಪಿ ತೆಗೆದ. ಮಡಿಚಿದ ಕಾಗದ ಬಿಚ್ಚಿದ.
ಹೆಬ್ಬೆರಳನ್ನು ಸಾಲಿನ ಕೆಳಗಿಟ್ಟು, ಗಟ್ಟಿಯಾಗಿ:

ಪ್ರೀ. ಪ್ರೀತಿ. ಪ್ರೀತಿಯ.
ಅ. ಅಜ್ಜ.

ಓಹೋ.
ಕನ್ನಡಕ ಮನೇಲೇ ಮರೆತೆ ಕಣೇ.
ಕೈಗೆ ಗ್ರೀಸಾಗಿದೆ, ನೀನೇ ನೋಡಿ ಹೇಳು.
ಅವಳಿಗೆ ತಂದದ್ದೇ ನನಗೂ ತಾ.
ಇಗರ್ಜಿಯಲ್ಲಿ ತೆರೆದು ಹಿಡಿದ ಪುಸ್ತಕ,
ಪಕ್ಕದವರಿಗಿಂತ ಅರೆಗಳಿಗೆ ಹಿಂದೆ ಅಲುಗುವ ತುಟಿ.
ನಲವತ್ತು ವರ್ಷ!
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಡು ಕಾಯುವ ನನ್ನೆದುರೇ
ಮರದ ಮುಂದೆ ಕೂತಿದ್ದಾನೆ ಆಸಾಮಿ,
ಒಂದು ಎಲೆ ಅಲುಗಿಸದೆ.

ಅವನ ಹಿಂದೆ, ಯಾವಾಗಿನಿಂದಲೋ,
ಹೆಣ್ಣು ಜಿಂಕೆ. ಎರಡೂ ಕಿವಿ ಅವನ ದನಿಗೆ.

ಹು. ಹುಟ್ಟು.
ಹುಟ್ಟುಹ.
ಮತ್ತೆ ಮೊದಲಿಂದ: ಹು.
ಅಲ್ಲೇ ಸಿಕ್ಕಿಕೊಂಡ.
ಆ ಪದ ನನ್ನ ನಾಲಿಗೆಯ ತುದಿಯಲ್ಲಿ,
ಬಾಣ ಹೆದೆಯ ಮೇಲೆ.
ಯಾವುದನ್ನೂ ಬಿಡುವಂತಿಲ್ಲ.

ಬೆನ್ನಿಗೆ ಬಿಸಿಲು ತಾಗಿತು.
ಜಿಂಕೆ ಮೂಗು ಎತ್ತಿತು,
ನನ್ನ ವಾಸನೆಯೋ ಅವನದೋ,
ಕಾಲು ಅಪ್ಪಳಿಸಿ, ಸೀನಿದ ಹಾಗೆ ಸದ್ದು ಮಾಡಿ
ಬಿಳಿ ಬಾಲ ಎತ್ತಿ ಹೋಯಿತು.

ಡೆಲ್ಮರ್ ಮೊದಲು ಕಾಗದ ಬಚ್ಚಿಟ್ಟ,
ಆಮೇಲೆ ತಿರುಗಿ ನೋಡಿದ.
ಅವನ ಕಣ್ಣು ನನ್ನ ಮೇಲೇ ಹಾದು ಹೋಯಿತು.
ರೆಪ್ಪೆ ಇಳಿಸಿದೆ. ಮಾವ ಕಲಿಸಿದ್ದೆಲ್ಲ ಅಲ್ಲಿ ಬೇಕಾಯಿತು.
ಅವನು ಹೋದ ಮೇಲೂ ಕೂತೇ ಇದ್ದೆ,
ಕಾಲು ಜೋಮು ಹಿಡಿದು, ಮಧ್ಯಾಹ್ನದವರೆಗೆ.

ಮರುದಿನ ಊರ ಹೋಟೆಲಿನಲ್ಲಿ ಶುಕ್ರವಾರದ ಮೀನೂಟ.
ಹೊಸ ಹುಡುಗಿ ಮೆನು ಇಟ್ಟು ಹೋದಳು.
ಡೆಲ್ಮರ್ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ.
ನಾನು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು,
ಹಾಳು ಕಣ್ಣು, ಬಾಯಿಬಿಟ್ಟು ಓದದಿದ್ದರೆ
ತಲೆಗೆ ಹತ್ತುವುದಿಲ್ಲ ಎಂದು ಗೊಣಗಿ
ಸಾವಕಾಶ ಓದಿದೆ: ಪರ್ಚ್. ಕಾಡ್. ಕ್ಯಾಟ್‌ಫಿಶ್.
ಆಲೂಗೆಡ್ಡೆ ದೋಸೆ, ಸೇಬಿನ ಗೊಜ್ಜಿನ ಜೊತೆ.
ಬೆಲೆಯನ್ನೂ ಓದಿದೆ.

ಅವನು ಉಪ್ಪಿನ ಡಬ್ಬಿಯಿಂದ ತಲೆ ಎತ್ತಲಿಲ್ಲ.
ಕ್ಯಾಟ್‌ಫಿಶ್, ಎಂದ.